ಮುದ್ರೆ ಒತ್ತಿದ ಪೆಟ್ಟಿಗೆ: 'ಪುರಹಂದ ಕಳುವರ' ಚಿತ್ರ ತಡೆದ ಪ್ರಕರಣ

ಸೇನೆಯವರು ಪೆಟ್ಟಿಗೆ ತಂದು ಇಳಿಸುತ್ತಾರೆ. ಒಳಗಿರುವುದು ಬಂಡಾರನ ದೇಹ. ತೆರೆಯುವಂತಿಲ್ಲ, ಹಾಗೇ ಮಣ್ಣು ಮಾಡಬೇಕು. ಹೆಣ್ಣುಮಕ್ಕಳು ಅಳುತ್ತಾರೆ, ಊರು ಸೇರುತ್ತದೆ, ಶವಸಂಸ್ಕಾರ ಮುಗಿಯುತ್ತದೆ. ಬಂಡಾರನ ಅಪ್ಪ ವನ್ನಿಹಾಮಿಗೆ ಕಣ್ಣು ಕಾಣುವುದಿಲ್ಲ. ಕಣ್ಣಿದ್ದವರೆಲ್ಲ ಪೆಟ್ಟಿಗೆಯ ಹೊರಮೈ ನೋಡಿ ಒಳಗಿರುವುದು ಬಂಡಾರನೇ ಎಂದು ಒಪ್ಪಿಕೊಂಡರು. ಕಣ್ಣಿಲ್ಲದ ಮುದುಕನೊಬ್ಬ ಒಪ್ಪಲಿಲ್ಲ.

ಶ್ರೀಲಂಕಾದ ಪ್ರಸನ್ನ ವಿತಾನಗೆ ಬರೆದು ನಿರ್ದೇಶಿಸಿದ 'ಪುರಹಂದ ಕಳುವರ' ಎಂಬ ಸಿಂಹಳ ಚಿತ್ರದ ಬೀಜ ಇಷ್ಟೇ. ತಯಾರಾದದ್ದು 1997ರಲ್ಲಿ, ಅವಧಿ ಸುಮಾರು ಒಂದೂಕಾಲು ಗಂಟೆ. ಸಿಂಹಳದ 'ಹಂದ' ನಮ್ಮ ಚಂದ್ರನೇ, ನಾಲಗೆಯ ಮೇಲೆ ಸವೆದು ಹಾಗಾಗಿದ್ದಾನೆ. 'ಕಳುವರ' ಎಂದರೆ ಕತ್ತಲು. ಹುಣ್ಣಿಮೆಯ ಕತ್ತಲು ಎಂದುಕೊಳ್ಳಬಹುದು. ಪ್ರತಿ ಹುಣ್ಣಿಮೆಯೂ 'ಪೋಯ' ಎಂಬ ಹೆಸರಿನ ಪವಿತ್ರ ದಿನವಾಗಿರುವ, ಅವತ್ತು ಸರಕಾರಿ ಕಚೇರಿಗಳಿಗೂ ರಜೆ ಇರುವ ದೇಶದಲ್ಲಿ ಈ ಹೆಸರೇ ಒಂದು ಚುಚ್ಚುಮಾತು.

2000ದಲ್ಲಿ ಈ ಚಿತ್ರದ ಡಬ್ಬಿಗೂ ಅದೇ ಗತಿಯಾಯಿತು. ಅದನ್ನೂ ತೆರೆಯುವಂತಿಲ್ಲ ಎಂದು ಅಪ್ಪಣೆ ಬಂತು. ವಿತಾನಗೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು, 2001ರಲ್ಲಿ ಗೆದ್ದರು, ಚಿತ್ರ ತೆರೆಕಂಡಿತು. 'ಸೆನ್ಸಾರ್ ಜತೆ ಗುದ್ದಾಡಿದ ನಿರ್ದೇಶಕ' ಎಂಬ ಒಂದು ಸಾಲಿನಲ್ಲಿ ಇದನ್ನು ಹೇಳಿ ಮುಗಿಸುವವರಿದ್ದಾರೆ. ಆ ಸಾಲು ತಪ್ಪು. ಸೆನ್ಸಾರಿನವರು ಈ ಚಿತ್ರವನ್ನು ತಡೆದಿರಲೇ ಇಲ್ಲ.

ತಡೆ ಬಿದ್ದದ್ದು ಎಲ್ಲಿ

ನಮಗೆ ಚಿತ್ರ ತಡೆಯುವುದೆಂದರೆ ಪ್ರಮಾಣಪತ್ರ ಕೊಡದಿರುವುದು ಅಥವಾ ಕತ್ತರಿ ಹಾಕುವುದು. 1970ರ 'ಸಂಸ್ಕಾರ'ಕ್ಕೆ ಮದರಾಸಿನ ಸೆನ್ಸಾರ್ ಮಂಡಳಿ ಒಲ್ಲೆ ಎಂದದ್ದು, ಆಮೇಲೆ ದೆಹಲಿಯಿಂದ ಒಪ್ಪಿಗೆ ಬಂದದ್ದು, ಅದೇ ಚಿತ್ರ ಸ್ವರ್ಣಕಮಲ ಪಡೆದದ್ದು ಕನ್ನಡದವರಿಗೆ ಗೊತ್ತಿರುವ ಕತೆ. ಅಲ್ಲಿ ಜಗಳ ನಡೆದದ್ದು ಪ್ರಮಾಣಪತ್ರದ ಮೇಜಿನ ಮುಂದೆ. ಒಪ್ಪಿಗೆ ಸಿಕ್ಕ ಮೇಲೆ ಹಂಚಿಕೆದಾರ, ಥಿಯೇಟರಿನ ಮಾಲೀಕ, ಪ್ರೇಕ್ಷಕ, ಇಷ್ಟು ಜನರ ನಡುವಿನ ವ್ಯವಹಾರ.

ಶ್ರೀಲಂಕಾದಲ್ಲಿ ಆ ಮೇಜಿನಾಚೆ ಇನ್ನೊಂದು ಮೇಜಿತ್ತು. ಸಾರ್ವಜನಿಕ ಪ್ರದರ್ಶನ ಮಂಡಳಿ ಅವರ ಸೆನ್ಸಾರ್. 1912ರ ಬ್ರಿಟಿಷ್ ಕಾಲದ ಸುಗ್ರೀವಾಜ್ಞೆಯ ಬೆನ್ನು ಹಿಡಿದು ಬಂದದ್ದು. ಅದು 'ಪುರಹಂದ ಕಳುವರ'ಕ್ಕೆ ಒಪ್ಪಿಗೆ ಕೊಟ್ಟಿತ್ತು. ಆದರೆ ಚಿತ್ರವನ್ನು ಥಿಯೇಟರಿಗೆ ಹಂಚುವುದು ಆಗ ರಾಷ್ಟ್ರೀಯ ಚಲನಚಿತ್ರ ನಿಗಮದ ಕೆಲಸವಾಗಿತ್ತು. ನಿಗಮ ಸರಕಾರದ್ದು, ಅದರ ಮೇಲೊಬ್ಬ ಸಚಿವ. 2000ದ ನಡುಭಾಗದಲ್ಲಿ, ಬಿಡುಗಡೆ ಹತ್ತಿರ ಬಂದಾಗ, ಸಚಿವರ ಕಡೆಯಿಂದ ನಿಗಮಕ್ಕೆ ಸೂಚನೆ ಹೋಯಿತು: ಉತ್ತರದಲ್ಲಿ ತಮಿಳು ಹುಲಿಗಳ ಜತೆಗಿನ ಯುದ್ಧದ ಪರಿಸ್ಥಿತಿ ಹೀಗಿರುವಾಗ ಈ ಚಿತ್ರ ಬೇಡ, ಸದ್ಯಕ್ಕೆ ಮುಂದೂಡಿ.

ನಿಷೇಧ ಎನ್ನಲಿಲ್ಲ. ಒಂದು ದೃಶ್ಯವನ್ನೂ ಕತ್ತರಿಸಿ ಎನ್ನಲಿಲ್ಲ. ಮುಂದೂಡಿಕೆ, ಅಷ್ಟೇ. ಕಚೇರಿ ಸುತ್ತಿ ಬಲ್ಲವರಿಗೆ 'ಸದ್ಯಕ್ಕೆ' ಎಂಬ ಪದದ ತೂಕ ಗೊತ್ತು. ನಿಷೇಧಕ್ಕೆ ಕಾನೂನು ಬೇಕು, ಕಾರಣ ಬೇಕು, ಕೆಳಗೊಂದು ರುಜು ಬೇಕು. ಮುಂದೂಡುವುದಕ್ಕೆ ಫೈಲನ್ನು ಮುಟ್ಟದಿದ್ದರೆ ಸಾಕು.

ಎರಡನೇ ಮೇಜು ಬಂದದ್ದು ಹೇಗೆ

ಇದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೊದಲ ಸಿಂಹಳ ವಾಕ್ಚಿತ್ರ 'ಕಡವುನು ಪೊರೊಂದುವ' ತೆರೆಕಂಡದ್ದು 1947ರ ಜನವರಿ 21ರಂದು. ಅದು ಸಿಂಹಳ ನಾಟಕ ಕಂಪನಿಯೊಂದರ ನಾಟಕ. ಸಿನಿಮಾ ಮಾಡಿಸಿದವರು ಎಸ್. ಎಂ. ನಾಯಗಂ, ನಿರ್ದೇಶಕ ಬಂಗಾಳದ ಜ್ಯೋತಿಷ್ ಸಿನ್ಹಾ, ತಯಾರಾದದ್ದು ದಕ್ಷಿಣ ಭಾರತದ ಸ್ಟುಡಿಯೋದಲ್ಲಿ. ಅಲ್ಲಿಂದ ವರ್ಷಗಟ್ಟಲೆ ಸಿಂಹಳ ಚಿತ್ರವೆಂದರೆ ಮದರಾಸಿನ ಕಡೆಯ ಫ್ಲೋರು, ಬಣ್ಣ ಬಳಿದ ಪರದೆ, ಹಿಂದಿ ಅಥವಾ ತಮಿಳು ಧಾಟಿಗೆ ಕೂರಿಸಿದ ಹಾಡು. ನಮ್ಮ ಕನ್ನಡ ಚಿತ್ರಗಳೂ ಅವೇ ಸ್ಟುಡಿಯೋಗಳ ಬಾಡಿಗೆ ಮನೆಯಲ್ಲಿ ಬೆಳೆಯುತ್ತಿದ್ದ ಕಾಲ ಅದು. ಒಂದೇ ವಠಾರದ ಎರಡು ಬಡ ಸಂಸಾರ.

ವಠಾರ ಬಿಟ್ಟು ಮೊದಲು ಹೊರಬಿದ್ದವರು ಲೆಸ್ಟರ್ ಜೇಮ್ಸ್ ಪೀರಿಸ್. ಸರಕಾರಿ ಚಿತ್ರ ಘಟಕದಲ್ಲಿ ಸಾಕ್ಷ್ಯಚಿತ್ರ ಮಾಡುತ್ತಿದ್ದವರು. ಛಾಯಾಗ್ರಾಹಕ ವಿಲಿಯಂ ಬ್ಲೇಕ್, ಸಂಕಲನಕಾರ ಟೈಟಸ್ ತೊಟವತ್ತ ಅವರೊಂದಿಗೆ ಆ ಕೆಲಸ ಬಿಟ್ಟು ಬಂದು ಹಳ್ಳಿಯ ಬಯಲಿನಲ್ಲಿ, ಸೂರ್ಯನ ಬೆಳಕಿನಲ್ಲಿ 'ರೇಖಾವ' ಚಿತ್ರೀಕರಿಸಿದರು. 1956ರ ಡಿಸೆಂಬರ್ 28ರಂದು ಬಿಡುಗಡೆ. ಮರುವರ್ಷ ಕಾನ್ ಸ್ಪರ್ಧೆಗೆ ಹೋಯಿತು, ಊರಿನಲ್ಲಿ ದುಡ್ಡು ಕಳೆಯಿತು. ಅವರದೇ 'ಗಂಪೆರಳಿಯ' 1965ರಲ್ಲಿ ದೆಹಲಿಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಸುವರ್ಣ ಮಯೂರ ಗೆದ್ದಿತು. ಸಿಂಹಳದಲ್ಲಿ ಗಂಭೀರ ಸಿನಿಮಾ ಸಾಧ್ಯ ಎನ್ನುವುದು ಅಷ್ಟೊತ್ತಿಗೆ ಖಚಿತವಾಗಿತ್ತು. ಅದನ್ನು ಥಿಯೇಟರಿಗೆ ಮುಟ್ಟಿಸುವ ದಾರಿ ಮಾತ್ರ ಬೆರಳೆಣಿಕೆಯ ಖಾಸಗಿ ಕಂಪನಿಗಳ ಕೈಯಲ್ಲಿತ್ತು. ಅವರಿಗೆ ಲಾಭ ತರುತ್ತಿದ್ದದ್ದು ಹೊರಗಿನಿಂದ ತರಿಸಿದ ಚಿತ್ರಗಳು.

ಇದಕ್ಕೆ ಮದ್ದು ಎಂದು 1971ರ 47ನೇ ಕಾಯ್ದೆಯಡಿ ಸರಕಾರಿ ಚಲನಚಿತ್ರ ನಿಗಮ ಬಂತು. ಈಗಿನ ರಾಷ್ಟ್ರೀಯ ಚಲನಚಿತ್ರ ನಿಗಮ ಅದರದೇ ಮುಂದುವರಿಕೆ. ಆಗ ಆಮದು ಅದರ ಕೈಯಲ್ಲಿತ್ತು, ಹಂಚಿಕೆ ಅದರ ಕೈಯಲ್ಲಿತ್ತು. ಇದನ್ನು ಬರೀ ಸರಕಾರದ ಹಿಡಿತದ ಹುನ್ನಾರ ಎನ್ನಲು ನನಗೆ ಮನಸ್ಸಿಲ್ಲ. ನಿಗಮ ಹೊಸಬರಿಗೆ ಸಾಲ ಕೊಟ್ಟಿತು, ಸ್ಥಳೀಯ ಚಿತ್ರಕ್ಕೆ ಪರದೆ ಕೊಡಿಸಿತು. ಎಪ್ಪತ್ತರ ದಶಕದಲ್ಲಿ ಧರ್ಮಸೇನ ಪತಿರಾಜರಂಥವರು ಕೆಲಸವಿಲ್ಲದ ನಗರದ ಹುಡುಗರ ಸಿಟ್ಟನ್ನು 'ಅಹಸ್ ಗವ್ವ' (1974) ಚಿತ್ರದಲ್ಲಿ ಹಿಡಿದಿಟ್ಟರು. ಆದರೆ ಹಳ್ಳಕ್ಕೆ ಒಂದೇ ಸೇತುವೆ ಇದ್ದರೆ ಅದರ ಮೇಲೆ ಯಾರು ಕೂತಿದ್ದಾರೆ ಎನ್ನುವುದು ಮುಖ್ಯವಾಗುತ್ತದೆ. ಮೂವತ್ತು ವರ್ಷ ಸಿನಿಮಾ ಕಾಯಲೆಂದು ಕಟ್ಟಿದ ಗೇಟನ್ನು ಒಬ್ಬ ಸಚಿವ ಒಂದು ಪತ್ರದಲ್ಲಿ ಮುಚ್ಚಿಸಬಹುದಿತ್ತು.

ಅರ್ಜಿ ನಮೂನೆ

ಚಿತ್ರದಲ್ಲಿ ಬಾಂಬ್ ಇಲ್ಲ, ರಣರಂಗವಿಲ್ಲ. ತಮಿಳು ಪಾತ್ರವೂ ಇಲ್ಲ, ಹುಲಿಗಳೂ ಇಲ್ಲ. ಇರುವುದು ಶ್ರೀಲಂಕಾದ ಒಣಪ್ರದೇಶದ ಒಂದು ಹಳ್ಳಿ, ಬತ್ತಿ ಬಿರುಕುಬಿಟ್ಟ ಕೆರೆಯಂಗಳ, ಅದರ ಏರಿಯ ಮೇಲೆ ಕೋಲೂರಿ ನಡೆಯುವ ಮುದುಕ. ನಮ್ಮ ಬಯಲುಸೀಮೆಯವರಿಗೆ ಆ ಚಿತ್ರ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟರೆ ಅಲ್ಲಿನ ಗಂಡುಹುಡುಗರಿಗೆ ಸೇನೆಯ ಸಂಬಳ, ಹೆಣ್ಣುಹುಡುಗಿಯರಿಗೆ ಗಾರ್ಮೆಂಟ್ ಕಾರ್ಖಾನೆ. ಬಂಡಾರ ಸೇನೆ ಸೇರಿದ್ದು ದೇಶಾಭಿಮಾನ ಉಕ್ಕಿ ಅಲ್ಲ. ಅರ್ಧ ಎದ್ದು ನಿಂತ ಮನೆ ಮುಗಿಯಬೇಕಿತ್ತು, ತಂಗಿಯ ಮದುವೆ ಆಗಬೇಕಿತ್ತು.

ಮಗ ಮಣ್ಣಾದ ಮೇಲೆ ಸರಕಾರದ ಪರಿಹಾರ ಬರಬೇಕು. ಅದಕ್ಕೊಂದು ಅರ್ಜಿ ನಮೂನೆ. ಗ್ರಾಮ ನಿಲಧಾರಿ, ಅಂದರೆ ನಮ್ಮ ಗ್ರಾಮಲೆಕ್ಕಿಗನಂಥವನು, ಆ ಕಾಗದ ಹಿಡಿದು ಬರುತ್ತಾನೆ. ಅಪ್ಪ ರುಜು ಹಾಕಬೇಕು. ವನ್ನಿಹಾಮಿ ಹಾಕುವುದಿಲ್ಲ. ಚಿತ್ರದ ಬೆನ್ನೆಲುಬು ಈ ನಿರಾಕರಣೆ. ಅಧಿಕಾರಿ ತಿಳಿಹೇಳುತ್ತಾನೆ, ಊರಿನ ಸನ್ಯಾಸಿ ತಿಳಿಹೇಳುತ್ತಾರೆ, ಸಾಲ ಕೊಟ್ಟವರ ಕಣ್ಣೂ ಆ ಹಣದ ಮೇಲೆ. ಇವರಲ್ಲಿ ಯಾರೂ ದುಷ್ಟರಲ್ಲ ಎನ್ನುವುದೇ ವಿತಾನಗೆಯ ಜಾಣ್ಮೆ. ಸಿಂಹಳ ಬೌದ್ಧರ ಮನೆಯಲ್ಲಿ ಸಾವಾದರೆ ಏಳನೇ ದಿನ, ಮೂರನೇ ತಿಂಗಳು, ವರ್ಷಕ್ಕೊಮ್ಮೆ ಭಿಕ್ಷುಗಳಿಗೆ ದಾನ ಕೊಡಬೇಕು. ಅದಕ್ಕೂ ದುಡ್ಡು ಬೇಕು. ಹೆಣ್ಣುಮಕ್ಕಳಿಗೆ ಅಪ್ಪನ ಹಟ ಅರ್ಥವಾಗುತ್ತದೆ, ಆದರೆ ಅರ್ಧ ಗೋಡೆಯ ಮನೆ ಕಣ್ಣೆದುರಿಗಿದೆ. ರುಜು ಹಾಕಿದರೆ ಮನೆ ಮುಗಿಯುತ್ತದೆ, ಮಗನೂ ಮುಗಿಯುತ್ತಾನೆ.

ಈ ನಡುವೆ ಬಂಡಾರನ ಕಾಗದ ಬರುತ್ತದೆ. ಸಾಯುವ ಮೊದಲು ಬರೆದದ್ದು, ತಡವಾಗಿ ತಲುಪಿದ್ದು ಎಂದು ಊರು ಲೆಕ್ಕ ಹಾಕುತ್ತದೆ. ಮುದುಕನ ಲೆಕ್ಕವೇ ಬೇರೆ. ಒಂದು ದಿನ ಅವನು ಗುದ್ದಲಿ ತೆಗೆದುಕೊಂಡು ಸಮಾಧಿಯ ಕಡೆ ಹೋಗಿ ಅಗೆಯಲು ತೊಡಗುತ್ತಾನೆ.

ಕುರುಡನೊಬ್ಬ ಅಗೆಯುವುದನ್ನು ಕ್ಯಾಮೆರಾ ಅವಸರವಿಲ್ಲದೆ ನೋಡುತ್ತದೆ. ಏಟು ಎಲ್ಲಿ ಬೀಳುತ್ತಿದೆಯೆಂದು ಅವನಿಗೆ ಕಾಣದು; ಮಣ್ಣು ಸಡಿಲಾದ ಸದ್ದಿನಿಂದಲೇ ತಿಳಿಯಬೇಕು. ಒಬ್ಬನೇ ಶುರು ಮಾಡಿದ ಕೆಲಸಕ್ಕೆ ಮಿಕ್ಕವರೂ ಕೈ ಹಾಕುತ್ತಾರೆ. ಪೆಟ್ಟಿಗೆ ಮೇಲೆ ಬರುತ್ತದೆ, ಮುಚ್ಚಳ ತೆರೆಯುತ್ತದೆ. ಒಳಗೆ ಬಾಳೆಯ ಕಾಂಡ, ಕಲ್ಲು. ತೂಕಕ್ಕೆ ಹಾಕಿದ್ದು.

ಇಲ್ಲಿ ಚಿತ್ರ ಜಯಘೋಷ ಮಾಡುವುದಿಲ್ಲ. ಪೆಟ್ಟಿಗೆಯಲ್ಲಿ ಮಗ ಇಲ್ಲ ಎಂದಷ್ಟೇ ಗೊತ್ತಾಯಿತು. ಮಗ ಎಲ್ಲಿದ್ದಾನೆ ಎಂದು ಗೊತ್ತಾಗಲಿಲ್ಲ. ಪರಿಹಾರದ ಆಸೆಯೂ ಅದೇ ಗುಂಡಿಯಲ್ಲಿ ಬಿತ್ತು.

ವನ್ನಿಹಾಮಿಯಾಗಿ ಜೋ ಅಬೆವಿಕ್ರಮ. 1927ರಲ್ಲಿ ಹುಟ್ಟಿದವರು, ಚಿತ್ರ ಮಾಡುವಾಗ ಎಪ್ಪತ್ತರ ಹೊಸ್ತಿಲಲ್ಲಿದ್ದರು. ಸಿಂಹಳ ಪ್ರೇಕ್ಷಕರು ಅವರನ್ನು ಮೊದಲು ಕಂಡದ್ದು ನಗಿಸುವ ನಟನಾಗಿ. 'ವೆಳಿಕತರ' (1971) ಚಿತ್ರದ ಮುದಲಾಳಿಯ, ಅಂದರೆ ದೊಡ್ಡ ವ್ಯಾಪಾರಿಯ, ಪಾತ್ರ ಅವರೊಳಗಿನ ಇನ್ನೊಬ್ಬ ನಟನನ್ನು ತೋರಿಸಿತ್ತು. ನಗಿಸಿ ಬಲ್ಲ ನಟ ನಗುವನ್ನು ಪೂರಾ ಒಳಕ್ಕೆಳೆದುಕೊಂಡರೆ ಮುಖದಲ್ಲಿ ಉಳಿಯುವ ಖಾಲಿತನವೇ ಬೇರೆ. ಈ ಪಾತ್ರಕ್ಕೆ ಸಿಂಗಪುರದ ಚಿತ್ರೋತ್ಸವ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಕೊಟ್ಟಿತು. ಚಿತ್ರಕ್ಕೆ ಹಣ ಹಾಕಿದ್ದು ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ. ಹೀಗೆ ಹೊರದೇಶದ ಪ್ರೇಕ್ಷಕರು ಮೊದಲು ನೋಡಿದರು, ಬಂಡಾರನ ಊರಿನಂಥ ಊರಿನವರು ಕಾಯುತ್ತ ಕೂತರು.

2000, ಯುದ್ಧ ಕೈಮೀರಿದ ವರ್ಷ

ಸಚಿವರ ಭಯವನ್ನು ಸುಮ್ಮನೆ ಹೀಗಳೆಯುವುದು ಸುಲಭ, ಆದರೆ ಸರಿಯಲ್ಲ. 1996ರ ಜುಲೈನಲ್ಲಿ ಮುಲ್ಲೈತೀವು ಸೇನಾ ನೆಲೆಯ ಮೇಲೆ ತಮಿಳು ಹುಲಿಗಳ ಸಂಘಟನೆಯಾದ ಎಲ್‌ಟಿಟಿಇ ದಾಳಿ ಮಾಡಿದಾಗ ಸತ್ತ ಸೈನಿಕರ ಸಂಖ್ಯೆ ಸಾವಿರ ದಾಟಿತ್ತು. 2000ದ ಏಪ್ರಿಲ್‌ನಲ್ಲಿ ಜಾಫ್ನಾಕ್ಕೆ ಹೆಬ್ಬಾಗಿಲಿನಂತಿದ್ದ ಎಲಿಫೆಂಟ್ ಪಾಸ್ ನೆಲೆ ಬಿತ್ತು. ಮೇ ತಿಂಗಳಲ್ಲಿ ಕಠಿಣ ತುರ್ತು ನಿಯಮಗಳು ಬಂದವು, ಯುದ್ಧದ ಸುದ್ದಿಗೆ ಸೆನ್ಸಾರ್ ಬಿತ್ತು. ಅಕ್ಟೋಬರಿನಲ್ಲಿ ಸಂಸತ್ ಚುನಾವಣೆ. ಹಳ್ಳಿ ಹಳ್ಳಿಗೆ ಮುದ್ರೆ ಒತ್ತಿದ ಪೆಟ್ಟಿಗೆಗಳು ಹೋಗುತ್ತಿದ್ದ ದಿನಗಳಲ್ಲಿ, ಪೆಟ್ಟಿಗೆಯೊಳಗೆ ಏನಿದೆ ಎಂದು ಕೇಳುವ ಚಿತ್ರ.

ಸರಕಾರದ ಕಣ್ಣಿಗೆ ಇದು ಸೇನೆಯ ಸ್ಥೈರ್ಯ ಕುಗ್ಗಿಸುವ ಚಿತ್ರ. ನನಗೆ ಅನ್ನಿಸುವುದು ಬೇರೆ. ಸೇನೆಯನ್ನು ಬೈದ ಚಿತ್ರವಾಗಿದ್ದರೆ ಇಷ್ಟು ಕಸಿವಿಸಿ ಆಗುತ್ತಿರಲಿಲ್ಲ. ಬೈದವನಿಗೆ ದ್ರೋಹಿ ಎಂಬ ಹಣೆಪಟ್ಟಿ ಸಿದ್ಧವಿರುತ್ತದೆ. ವನ್ನಿಹಾಮಿ ಯುದ್ಧದ ಬಗ್ಗೆ ಭಾಷಣ ಮಾಡುವುದಿಲ್ಲ. ಅವನೊಬ್ಬ ಸೈನಿಕನ ಅಪ್ಪ, ಬೌದ್ಧ, ಸಿಂಹಳ ರೈತ. ಯಾರ ಹೆಸರಿನಲ್ಲಿ ಯುದ್ಧ ನಡೆಯುತ್ತಿತ್ತೋ ಅದೇ ಮನುಷ್ಯ. ಅವನು ಕೇಳಿದ್ದು ಒಂದೇ, ನನ್ನ ಮಗ ಎಲ್ಲಿ. ಅವನಿಗೆ ಹಚ್ಚಲು ಸರಕಾರದ ಬಳಿ ಹಣೆಪಟ್ಟಿ ಇರಲಿಲ್ಲ.

ಕೋರ್ಟು

ಇಂಥ ಹೊತ್ತಿನಲ್ಲಿ ಸಿನಿಮಾದವರು ಸಾಮಾನ್ಯವಾಗಿ ಏನು ಮಾಡುತ್ತಾರೆಂದು ನಮಗೂ ಗೊತ್ತು. ಸಚಿವರ ಮನೆಗೆ ನಾಲ್ಕು ಸಲ ಹೋಗಿ, ಎರಡು ದೃಶ್ಯ ತೆಗೆಯುತ್ತೇವೆ ಎಂದು ಹೇಳಿ, ಮೊದಲಲ್ಲಿ ಒಂದು ದೇಶಭಕ್ತಿಯ ಸಾಲು ಅಂಟಿಸಿ ಪಾರಾಗುವುದು. ವಿತಾನಗೆ ಕಾನೂನಿನ ದಾರಿ ಹಿಡಿದರು.

ಶ್ರೀಲಂಕಾದ 1978ರ ಸಂವಿಧಾನದ 14ನೇ ವಿಧಿ ಮಾತಿನ, ಅಭಿವ್ಯಕ್ತಿಯ ಸ್ವಾತಂತ್ರ್ಯ ಕೊಡುತ್ತದೆ. 15ನೇ ವಿಧಿ ಅದಕ್ಕೆ ರಾಷ್ಟ್ರೀಯ ಭದ್ರತೆ ಮುಂತಾದ ಕಾರಣಗಳಿಗೆ ಕಡಿವಾಣ ಹಾಕಬಹುದು ಎನ್ನುತ್ತದೆ. ಆದರೆ ಆ ಕಡಿವಾಣ ಕಾನೂನಿನ ಮೂಲಕವೇ ಬರಬೇಕು. ಹಕ್ಕಿಗೆ ಧಕ್ಕೆಯಾದರೆ 126ನೇ ವಿಧಿಯಡಿ ನೇರ ಸುಪ್ರೀಂ ಕೋರ್ಟಿಗೇ ಹೋಗಬಹುದು, ಒಂದು ತಿಂಗಳೊಳಗೆ ಹೋಗಬೇಕು. ಒಂದು ವಿಚಿತ್ರವಿದೆ. ಸಂಸತ್ತು ಪಾಸು ಮಾಡಿದ ಕಾಯ್ದೆಯನ್ನು ಅಲ್ಲಿನ ಕೋರ್ಟು ಆಮೇಲೆ ರದ್ದು ಮಾಡುವಂತಿಲ್ಲ. 126ರಡಿ ಪ್ರಶ್ನಿಸಲು ಆಗುವುದು ಕಾರ್ಯಾಂಗದ, ಆಡಳಿತದ ನಡೆಯನ್ನು ಮಾತ್ರ. ಈ ಚಿತ್ರವನ್ನು ತಡೆಯಲೆಂದು ಕಾಯ್ದೆ ಮಾಡಿದ್ದಿದ್ದರೆ ವಿತಾನಗೆಗೆ ದಾರಿ ಮುಚ್ಚಿರುತ್ತಿತ್ತೇನೋ. ಸಚಿವರು ಹಿಡಿದ ಸಲೀಸಾದ ದಾರಿಯೇ ನ್ಯಾಯಾಲಯಕ್ಕೆ ಬಾಗಿಲು ತೆರೆಯಿತು. ಮುಂದೂಡಿ ಎಂಬ ಸೂಚನೆ ಅಪ್ಪಟ ಆಡಳಿತದ ನಡೆ, ಅದೂ ಪ್ರದರ್ಶನ ಮಂಡಳಿ ಒಪ್ಪಿದ ಚಿತ್ರದ ಮೇಲೆ.

ತೀರ್ಪು ಬಂದದ್ದು 2001ರ ಆಗಸ್ಟಿನಲ್ಲಿ. ಹಿಂದಿನ ತಿಂಗಳಷ್ಟೇ, ಜುಲೈ 24ರಂದು, ಕಟುನಾಯಕೆ ವಿಮಾನ ನಿಲ್ದಾಣದ ಮೇಲೆ ಹುಲಿಗಳು ದಾಳಿ ಮಾಡಿ ಸೇನೆಯ ಮತ್ತು ನಾಗರಿಕ ವಿಮಾನಗಳನ್ನು ಸುಟ್ಟಿದ್ದರು. ದೇಶಕ್ಕೆ ದೇಶವೇ ಬೆಚ್ಚಿದ್ದ ಆ ದಿನಗಳಲ್ಲಿ 'ಪರಿಸ್ಥಿತಿ ಸರಿಯಿಲ್ಲ' ಎಂಬ ವಾದಕ್ಕೆ ಅದಕ್ಕಿಂತ ಬಲವಾದ ಸಾಕ್ಷಿ ಸಿಗುತ್ತಿರಲಿಲ್ಲ. ಆದರೂ ಸುಪ್ರೀಂ ಕೋರ್ಟು ಚಿತ್ರ ಪ್ರದರ್ಶಿಸಿ ಎಂದಿತು. ಬಿಡುಗಡೆಯಾದ ಚಿತ್ರ ಗಲ್ಲಾಪೆಟ್ಟಿಗೆಯಲ್ಲೂ ಗೆದ್ದಿತು. ಹಾಡು, ಫೈಟು, ಪ್ರೇಮ ಯಾವುದೂ ಇಲ್ಲದ, ನಿಧಾನಗತಿಯ ಒಂದೂಕಾಲು ಗಂಟೆಯ ಚಿತ್ರಕ್ಕೆ ಜನ ಸಾಲು ನಿಂತರೆ, ತಡೆಯಿಂದ ಸಿಕ್ಕ ಪ್ರಚಾರ ಅದಕ್ಕೆ ಸ್ವಲ್ಪ ಕಾರಣ ಇರಬಹುದು. ಆದರೆ ಪ್ರಚಾರ ಕರೆತಂದವರು ಮೊದಲ ವಾರಕ್ಕೆ ಬರುತ್ತಾರೆ. ಉಳಿದವರನ್ನು ಕರೆತಂದದ್ದು ಆ ಪೆಟ್ಟಿಗೆ ಎಂದೇ ನನ್ನ ನಂಬಿಕೆ. ಆ ಹೊತ್ತಿಗೆ ಅಂಥದ್ದೊಂದನ್ನು ನೋಡದ ಸಿಂಹಳ ಹಳ್ಳಿ ಅಪರೂಪ.

ಗೆದ್ದ ಮೇಲೆ

ಈ ಗೆಲುವಿನಿಂದ ಬಾಗಿಲು ಶಾಶ್ವತವಾಗಿ ತೆರೆಯಿತು ಎಂದುಕೊಂಡರೆ ತಪ್ಪಾಗುತ್ತದೆ. ವಿಮುಕ್ತಿ ಜಯಸುಂದರ ಅವರ 'ಸುಳಂಗ ಎನು ಪಿಣಿಸ' 2005ರಲ್ಲಿ ಕಾನ್‌ನಲ್ಲಿ ಚೊಚ್ಚಲ ಚಿತ್ರಕ್ಕೆ ಕೊಡುವ 'ಕ್ಯಾಮೆರಾ ದೋರ್' ಹಂಚಿಕೊಂಡು ತಂದಿತು. ಊರಿನಲ್ಲಿ ಅದರ ಮೇಲೆ ಸೇನೆಯನ್ನು ಅವಮಾನಿಸುವ ಚಿತ್ರವೆಂಬ ಕೂಗೆದ್ದಿತು. ಅಶೋಕ ಹಂದಗಮ ಅವರ 'ಅಕ್ಷರಯ'ದ್ದಂತೂ ಅದೇ ಹಳೆಯ ಹಾದಿ: ಪ್ರದರ್ಶನ ಮಂಡಳಿ ವಯಸ್ಕರಿಗೆಂದು ಒಪ್ಪಿಗೆ ಕೊಟ್ಟಿತು, 2006ರಲ್ಲಿ ಸಚಿವರು ತಡೆದರು. ಮೊದಲ ಮೇಜು ಹೌದೆಂದದ್ದಕ್ಕೆ ಎರಡನೇ ಮೇಜು ಇಲ್ಲವೆಂದಿತು.

ವಿತಾನಗೆಯವರನ್ನಂತೂ ಈ ಗ್ರಹಚಾರ ಸಮುದ್ರ ದಾಟಿ ಹಿಂಬಾಲಿಸಿತು. ಯುದ್ಧ ಮುಗಿದ ಮೇಲೆ ಅವರು ಮಾಡಿದ 'ಒಬ ನತುವ ಒಬ ಎಕ್ಕ' (2012) ಮಾಜಿ ಸೈನಿಕನೊಬ್ಬ ತಮಿಳು ಹುಡುಗಿಯನ್ನು ಮದುವೆಯಾಗುವ ಕತೆ. ತನ್ನ ಗಂಡ ಸೈನಿಕನಾಗಿದ್ದ ಎಂದು ಅವಳಿಗೆ ಆಮೇಲೆ ತಿಳಿಯುತ್ತದೆ. 2014ರ ಜೂನ್‌ನಲ್ಲಿ ಚೆನ್ನೈನ ಮಲ್ಟಿಪ್ಲೆಕ್ಸಿನಲ್ಲಿ ಆ ಚಿತ್ರ ಬೆದರಿಕೆಯ ಫೋನ್ ಕರೆಗಳ ಕಾರಣಕ್ಕೆ ನಿಂತುಹೋಯಿತು. ಕೊಲಂಬೊದಲ್ಲಿ ಅವರು ಸಿಂಹಳ ಸೇನೆಗೆ ಆಗದವರು, ಚೆನ್ನೈನಲ್ಲಿ ಸಿಂಹಳರವರು. ಫೋನ್ ಮಾಡಿದವರ ಮೇಲೆ ಯಾವ 126ನೇ ವಿಧಿಯಡಿ ಅರ್ಜಿ ಹಾಕುವುದು?

ಯುದ್ಧ 2009ರ ಮೇ ತಿಂಗಳಲ್ಲಿ ಮುಗಿಯಿತು. ಜೋ ಅಬೆವಿಕ್ರಮ 2011ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಐದು ವರ್ಷ ಕಳೆದು, 2016ರಲ್ಲಿ, ಶ್ರೀಲಂಕಾದ ಸಂಸತ್ತು ಕಾಣೆಯಾದವರ ಕಚೇರಿಗೆ ಕಾಯ್ದೆ ಮಾಡಿತು. ಕಾದಾಟದಲ್ಲಿ ಕಾಣೆಯಾದ ಸೈನಿಕರೂ ಅದರ ವ್ಯಾಪ್ತಿಗೆ ಬಂದರು. ಅದೇ ವರ್ಷ ಮರಣ ನೋಂದಣಿಯ ಕಾಯ್ದೆಗೂ ತಿದ್ದುಪಡಿಯಾಯಿತು. ಅದುವರೆಗೆ ಕಾಣೆಯಾದವನ ಮನೆಯವರಿಗೆ ಆಸ್ತಿ, ಪಿಂಚಣಿ, ಪರಿಹಾರದ ಕೆಲಸ ಆಗಬೇಕಿದ್ದರೆ ಮರಣ ಪ್ರಮಾಣಪತ್ರಕ್ಕೆ ಒಪ್ಪಬೇಕಿತ್ತು. ಈಗ ಬೇರೊಂದು ಕಾಗದ ಕೇಳಬಹುದು, 'ಗೈರುಹಾಜರಿ ಪ್ರಮಾಣಪತ್ರ'. ಮನುಷ್ಯ ಸತ್ತಿದ್ದಾನೆ ಎಂದು ಅದು ಹೇಳುವುದಿಲ್ಲ, ಇಲ್ಲ ಎಂದಷ್ಟೇ ಹೇಳುತ್ತದೆ. ಗ್ರಾಮ ನಿಲಧಾರಿ ಆ ನಮೂನೆ ಹಿಡಿದು ಬಂದಿದ್ದರೆ ವನ್ನಿಹಾಮಿ ರುಜು ಹಾಕುತ್ತಿದ್ದನೋ ಏನೋ.